ಹೊಸ ಸಿಸ್ಟಮ್ ಬಂದಾಗ ದುಡಿಮೆ ಯಾರದ್ದು, ಅನುಕೂಲ ಯಾರಿಗೆ?

2002ರ ಕೊನೆಯ ತಿಂಗಳುಗಳಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದು ಬಂತು. ಅಲ್ಲಿಯವರೆಗೆ ವೈದ್ಯರು ಔಷಧಿ, ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವನ್ನೂ ಕಾಗದದ ಮೇಲೆ ಬರೆದು ಕೊಡುತ್ತಿದ್ದರು. ಇನ್ನು ಮುಂದೆ ಅದನ್ನೆಲ್ಲ ಕಂಪ್ಯೂಟರಿನಲ್ಲೇ ದಾಖಲಿಸಬೇಕು ಎಂದಾಯಿತು. ಉದ್ದೇಶ ಒಳ್ಳೆಯದೇ. ಕೈಬರಹ ಓದಲಾಗದೆ ರೋಗಿಗೆ ತಪ್ಪು ಔಷಧಿ ಹೋಗುವುದು ತಪ್ಪಬೇಕಿತ್ತು. ಆದರೆ ಕೆಲವೇ ತಿಂಗಳಲ್ಲಿ ನೂರಾರು ವೈದ್ಯರು ತಿರುಗಿಬಿದ್ದರು. 2003ರ ಜನವರಿಯಲ್ಲಿ ಆಸ್ಪತ್ರೆ ಆ ವ್ಯವಸ್ಥೆಯನ್ನು ನಿಲ್ಲಿಸಿ ಮತ್ತೆ ಕಾಗದಕ್ಕೆ ಮರಳಿತು. ಅಷ್ಟರಲ್ಲಿ ಕೋಟಿಗಟ್ಟಲೆ ಡಾಲರ್ ಖರ್ಚಾಗಿತ್ತು.

ಇಂಥ ಸುದ್ದಿ ಕೇಳಿದಾಗ ಥಟ್ಟನೆ ಬಾಯಿಗೆ ಬರುವ ಮಾತು ಒಂದೇ: "ಜನ ಬದಲಾವಣೆಗೆ ಒಗ್ಗುವುದಿಲ್ಲ." ಡಿಜಿಟಲ್ ಟ್ರಾನ್ಸ್‌ಫರ್ಮೇಶನ್ ಪ್ರಾಜೆಕ್ಟ್, ಅಂದರೆ ಹಳೆಯ ಕೆಲಸವನ್ನು ಕಂಪ್ಯೂಟರಿಗೆ ಬದಲಾಯಿಸುವ ಯೋಜನೆ, ನಡೆಯುವ ಯಾವ ಸಂಸ್ಥೆಯಲ್ಲಾದರೂ ಈ ಮಾತು ಕೇಳಿಸುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅದರಿಂದ ಹಾನಿಯೇ ಜಾಸ್ತಿ ಅಂತ ನನ್ನ ಅನಿಸಿಕೆ. ಆ ವೈದ್ಯರ ದಿನವನ್ನೇ ನೋಡಿ. ಮೊದಲು ಕೆಲವು ಸೆಕೆಂಡಿನಲ್ಲಿ ಬರೆದು ಮುಗಿಸುತ್ತಿದ್ದ ಆದೇಶಕ್ಕೆ ಈಗ ಲಾಗಿನ್ ಆಗಬೇಕು, ಹುಡುಕಬೇಕು, ಒಂದರ ಹಿಂದೊಂದು ಬರುವ ಎಚ್ಚರಿಕೆಗಳನ್ನು ದಾಟಬೇಕು. ನಿಮಿಷಗಟ್ಟಲೆ ಹೋಗುತ್ತದೆ. ಇತ್ತ ಔಷಧಿ ವಿಭಾಗದವರಿಗೆ ಸ್ಪಷ್ಟ ಅಕ್ಷರ ಸಿಗುತ್ತದೆ, ಆಡಳಿತಕ್ಕೆ ಅಚ್ಚುಕಟ್ಟಾದ ಲೆಕ್ಕ ಸಿಗುತ್ತದೆ. ರೋಗಿಗೂ ಒಳ್ಳೆಯದಾಗಬಹುದು. ಆದರೆ ಇಷ್ಟೆಲ್ಲ ಅನುಕೂಲಕ್ಕೆ ಬೇಕಾದ ಸಮಯ ಒಬ್ಬರ ಕೈಯಿಂದಲೇ ಹೋಗುತ್ತಿತ್ತು. ಆ ಸಮಯವನ್ನು ಅವರಿಗೆ ಮರಳಿ ಕೊಡುವ ಯೋಚನೆ ಯಾರೂ ಮಾಡಿರಲಿಲ್ಲ.

ಜೊನಾಥನ್ ಗ್ರುಡಿನ್ ಎಂಬ ಸಂಶೋಧಕರು 1988ರಲ್ಲೇ ಇದನ್ನು ಹೇಳಿದ್ದರು. ಗುಂಪಾಗಿ ಬಳಸುವ ಸಾಫ್ಟ್‌ವೇರ್‌ಗಳು ಸೋಲಲು ಒಂದು ಮುಖ್ಯ ಕಾರಣ, ಹೆಚ್ಚಿನ ಕೆಲಸ ಮಾಡುವವರು ಒಬ್ಬರು, ಅದರ ಲಾಭ ಪಡೆಯುವವರು ಇನ್ನೊಬ್ಬರು ಆಗಿರುವುದು. ಮ್ಯಾನೇಜರ್‌ಗೆ ಎಲ್ಲರ ಕ್ಯಾಲೆಂಡರ್ ಒಂದೇ ಕಡೆ ಕಾಣಬೇಕು. ಅದಕ್ಕಾಗಿ ಉಳಿದವರೆಲ್ಲ ತಮ್ಮ ದಿನವನ್ನು ಕೂತು ಭರ್ತಿ ಮಾಡಬೇಕು. ಸಂಸ್ಥೆಯೊಳಗಿನ ತಿಕ್ಕಾಟವನ್ನು ಓದಲು ನನಗೆ ಇದಕ್ಕಿಂತ ಒಳ್ಳೆಯ ಕೀಲಿ ಸಿಕ್ಕಿಲ್ಲ.

ಮಾರಾಟ ವಿಭಾಗದ ಉದಾಹರಣೆ ತೆಗೆದುಕೊಳ್ಳಿ. ಹೊಸ ಸಿಸ್ಟಮ್‌ನಲ್ಲಿ ಪ್ರತಿ ಗ್ರಾಹಕರ ಭೇಟಿ, ಪ್ರತಿ ಫೋನ್ ಕರೆ ದಾಖಲಾಗಬೇಕು ಎಂಬ ನಿಯಮ ಬರುತ್ತದೆ. ಮೇಲಿನವರಿಗೆ ಎಲ್ಲ ಅಂಕಿಗಳನ್ನೂ ಒಂದೇ ಪರದೆಯಲ್ಲಿ ತೋರಿಸುವ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಕಾಣುತ್ತದೆ. ಕೆಳಗಿನವರು ದಿನವಿಡೀ ತಿರುಗಾಡಿ ಬಂದು ಸಂಜೆ ಕೂತು ಹದಿನೈದು ಕಾಲಂ ತುಂಬಬೇಕು. ಅದರಲ್ಲಿ ಹತ್ತು ಕಾಲಂಗೂ ಅವರ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ. ಸ್ವಲ್ಪ ದಿನದಲ್ಲಿ ಏನಾಗುತ್ತದೆ? ಕಡ್ಡಾಯ ಇರುವ ಕಡೆ ಸುಮ್ನೆ ಒಂದು ಚುಕ್ಕೆ ಹಾಕಿ ಮುಂದೆ ಹೋಗುತ್ತಾರೆ. ನಿಜವಾದ ಲೆಕ್ಕ ಅವರ ಡೈರಿಯಲ್ಲೋ ಎಕ್ಸೆಲ್ ಶೀಟಿನಲ್ಲೋ ಉಳಿಯುತ್ತದೆ. ಆರು ತಿಂಗಳ ನಂತರ ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನ ತೆಗೆದುಕೊಂಡವರು ಯಾಕೆ ಎಡವಿದೆವು ಎಂದು ತಲೆ ಕೆರೆದುಕೊಳ್ಳುತ್ತಾರೆ. ಆಗ ಬರುವ ಪರಿಹಾರ ಇನ್ನೊಂದು ಸುತ್ತು ಟ್ರೈನಿಂಗ್. ಆದರೆ ಅಲ್ಲಿ ಕೊರತೆಯಿದ್ದದ್ದು ತಿಳಿವಳಿಕೆಯದ್ದಲ್ಲ, ಅಲ್ವಾ?

ಆ ಗುಟ್ಟಿನ ಎಕ್ಸೆಲ್ ಶೀಟನ್ನು ಶಿಸ್ತಿನ ವಿಷಯ ಮಾಡುವ ಬದಲು ಒಮ್ಮೆ ತೆರೆದು ನೋಡಬೇಕು. ಅದರಲ್ಲಿ ಯಾವ ಕಾಲಂಗಳಿವೆ, ಹೊಸ ಸಿಸ್ಟಮ್‌ನಲ್ಲಿ ಅವು ಯಾಕಿಲ್ಲ ಎಂದು ಕೇಳಬೇಕು. ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಅಷ್ಟು ಪ್ರಾಮಾಣಿಕ ದಾಖಲೆ ಬೇರೆಲ್ಲೂ ಸಿಗುವುದಿಲ್ಲ.

ಅಧಿಕಾರದ ಮಾತು

ತಿಕ್ಕಾಟದಲ್ಲಿ ಇನ್ನೊಂದು ಪದರ ಇದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಲಿನ್ ಮಾರ್ಕಸ್ ಎಂಬ ಸಂಶೋಧಕಿ 1983ರಲ್ಲಿ ಒಂದು ದೊಡ್ಡ ಕಂಪನಿಯ ಕಥೆಯನ್ನು ಬಿಡಿಸಿಟ್ಟರು. ಅಲ್ಲಿ ಕೇಂದ್ರ ಕಚೇರಿಯ ಅಕೌಂಟೆಂಟ್‌ಗಳು ಮತ್ತು ಬೇರೆ ಬೇರೆ ವಿಭಾಗಗಳ ಅಕೌಂಟೆಂಟ್‌ಗಳು ಎಂದು ಎರಡು ಗುಂಪು. ಹೊಸ ಹಣಕಾಸು ಸಾಫ್ಟ್‌ವೇರ್ ಬಂದಾಗ ಕೇಂದ್ರದವರಿಗೆ ಖುಷಿಯೋ ಖುಷಿ. ವಿಭಾಗದವರಿಗೆ ಬೇಡವೇ ಬೇಡ. ಅದೇ ಸಾಫ್ಟ್‌ವೇರ್, ಅದೇ ಓದು, ಅದೇ ವೃತ್ತಿ. ಹಾಗಾದರೆ ವ್ಯತ್ಯಾಸ ಎಲ್ಲಿ? ಮೊದಲು ವಿಭಾಗದವರು ತಮ್ಮ ಅಂಕಿಗಳನ್ನು ತಾವೇ ಒಟ್ಟುಮಾಡಿ ಮೇಲಕ್ಕೆ ಕಳಿಸುತ್ತಿದ್ದರು. ಈಗ ಪ್ರತಿ ವ್ಯವಹಾರದ ವಿವರವೂ ನೇರವಾಗಿ ಕೇಂದ್ರದ ಕೈಗೆ ಸಿಗುತ್ತಿತ್ತು. ಸಾಫ್ಟ್‌ವೇರ್ ಹೆಸರಿನಲ್ಲಿ ಯಾರು ಯಾರನ್ನು ನೋಡಬಹುದು ಎಂಬ ನಿಯಮವೇ ಬದಲಾಗಿತ್ತು.

ಇಂಥ ಜಗಳಕ್ಕೆ ಸ್ಕ್ರೀನ್ ಚೆಂದ ಮಾಡಿದರೆ ಉಪಯೋಗವಿಲ್ಲ. ಪಿಜ್ಜಾ ಪಾರ್ಟಿ ಮಾಡಿದರೂ ಇಲ್ಲ. ವಿವರ ಯಾರಿಗೆ ಕಾಣಬೇಕು, ಯಾವ ಕೆಲಸಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂದು ಎರಡೂ ಕಡೆಯವರು ಕೂತು ತೀರ್ಮಾನಿಸಬೇಕು. ಜರ್ಮನಿಯಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿ 1972ರ ಕಾಯ್ದೆಯ ಪ್ರಕಾರ, ನೌಕರರ ನಡವಳಿಕೆ ಅಥವಾ ಕೆಲಸದ ಮೇಲೆ ಕಣ್ಣಿಡಬಲ್ಲ ತಾಂತ್ರಿಕ ಸಾಧನವನ್ನು ತರುವ ಮುಂಚೆ ನೌಕರರೇ ಆರಿಸಿದ ಮಂಡಳಿಯ ಒಪ್ಪಿಗೆ ಬೇಕು. ಹಾಜರಿಯನ್ನು ಎಕ್ಸೆಲ್‌ನಲ್ಲಿ ದಾಖಲಿಸುವುದಕ್ಕೂ ಇದು ಅನ್ವಯಿಸುತ್ತದೆ ಎಂದು 2018ರಲ್ಲಿ ಅಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯ ಹೇಳಿತು. ಇದರಿಂದ ಪ್ರಾಜೆಕ್ಟ್ ತಡವಾಗುತ್ತದೆ ಎಂದು ದೂರುವವರಿದ್ದಾರೆ. ತಡ ಆಗುವುದು ನಿಜ. ಆದರೆ ಗೋ-ಲೈವ್ ಆದ ಮೇಲೆ, ಅಂದರೆ ಹೊಸ ಸಿಸ್ಟಮ್ ಬಳಕೆಗೆ ಬಂದ ಮೇಲೆ, ಒಳಗೊಳಗೇ ನಡೆಯುವ ಜಗಳಕ್ಕೆ ಹೋಗುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ.

ಯಂತ್ರ ಒಂದೇ ಆಗಿದ್ದರೂ ಕೆಲಸ ಹಂಚುವ ರೀತಿ ಒಂದೇ ಆಗಬೇಕಿಲ್ಲ ಎಂದು ತೋರಿಸಿಕೊಟ್ಟದ್ದು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳು. ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಎಂಬ ಸಂಶೋಧಕರು 1951ರಲ್ಲಿ ಇದರ ಬಗ್ಗೆ ಬರೆದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದು ಬಂದವರು. ಹಳೆಯ ಪದ್ಧತಿಯಲ್ಲಿ ಗಣಿಗಾರರು ಚಿಕ್ಕ ಚಿಕ್ಕ ತಂಡ ಕಟ್ಟಿಕೊಂಡು, ಜೊತೆಗಾರರನ್ನು ತಾವೇ ಆರಿಸಿಕೊಂಡು, ಅಗೆಯುವುದರಿಂದ ಸಾಗಿಸುವವರೆಗೆ ಎಲ್ಲವನ್ನೂ ಒಟ್ಟಿಗೆ ಮಾಡುತ್ತಿದ್ದರು. ಯಂತ್ರ ಬಂದ ಮೇಲೆ ನಲವತ್ತು ಐವತ್ತು ಜನರ ದೊಡ್ಡ ತಂಡವಾಯಿತು, ಮೂರು ಪಾಳಿಯಾಯಿತು, ಒಬ್ಬೊಬ್ಬರಿಗೆ ಒಂದೊಂದು ಚೂರು ಕೆಲಸವಾಯಿತು. ಹಿಂದಿನ ಪಾಳಿಯವರು ಬಿಟ್ಟುಹೋದ ತೊಂದರೆ ಮುಂದಿನ ಪಾಳಿಯವರ ತಲೆಗೆ. ನಿರೀಕ್ಷಿಸಿದಷ್ಟು ಉತ್ಪಾದನೆ ಬರಲಿಲ್ಲ. ಗೈರುಹಾಜರಿ ಹೆಚ್ಚಿತು, ಒಬ್ಬರ ಮೇಲೆ ಒಬ್ಬರು ತಪ್ಪು ಹೊರಿಸುವುದು ಹೆಚ್ಚಿತು. ಮುಂದೆ ಇದೇ ಸಂಶೋಧಕರ ಬಳಗಕ್ಕೆ, ಯಂತ್ರಗಳ ಜೊತೆಗೇ ಹಳೆಯ ತಂಡದ ಪದ್ಧತಿಯನ್ನು ಉಳಿಸಿಕೊಂಡ ಗಣಿಗಳೂ ಸಿಕ್ಕವು. ಅಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿತ್ತು. "ಸಾಫ್ಟ್‌ವೇರ್ ಇರುವುದೇ ಹೀಗೆ, ಏನೂ ಮಾಡೋಕಾಗಲ್ಲ" ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಗಣಿಗಳು ನೆನಪಾಗುತ್ತವೆ.

ಹಾಗಂತ ಎಲ್ಲವನ್ನೂ ನಮಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುತ್ತೇನೆ ಎಂದು ಹೊರಟರೂ ಕಷ್ಟ. ಜರ್ಮನಿಯ ಲಿಡ್ಲ್ ಮಳಿಗೆ ಸರಪಳಿ 2011ರಲ್ಲಿ ಎಸ್‌ಎಪಿ ಕಂಪನಿಯ ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್ ಅಳವಡಿಸಲು ಶುರುಮಾಡಿ 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೋ ಹೋಯಿತು ಎಂದು ವರದಿಯಾಗಿತ್ತು. ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು. ಆ ಸಾಫ್ಟ್‌ವೇರ್ ಮಾರುವ ಬೆಲೆಯನ್ನು ಆಧರಿಸಿತ್ತು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ತಿದ್ದುತ್ತಾ ಹೋಯಿತು. ಯಾವ ಪದ್ಧತಿ ಸಂಸ್ಥೆಯ ಜೀವಾಳ, ಯಾವುದು ಬರೀ ರೂಢಿ ಎಂಬ ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಎತ್ತಿ ಜಗಳವಾಡಿ ಮುಗಿಸಿಕೊಳ್ಳುವುದು ವಾಸಿ. ಏಳನೇ ವರ್ಷಕ್ಕೆ ಅದು ತೀರಾ ದುಬಾರಿ.

ಕೂಸು ಹುಟ್ಟುವ ಮುಂಚೆ ಕುಲಾವಿ

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೆನಡಾ ಸರ್ಕಾರದ ಫೀನಿಕ್ಸ್ ಎಂಬ ಸಂಬಳದ ಸಿಸ್ಟಮ್. ಸುಮಾರು 2,90,000 ನೌಕರರಿಗೆ ಸಂಬಳ ಕೊಡಬೇಕಾದ ವ್ಯವಸ್ಥೆ ಅದು. ಶುರುವಾದದ್ದು 2016ರಲ್ಲಿ. ವರ್ಷಕ್ಕೆ 7 ಕೋಟಿ ಕೆನಡಾ ಡಾಲರ್ ಉಳಿಯುತ್ತದೆ ಎಂಬ ಲೆಕ್ಕವಿತ್ತು. ಆ ಉಳಿತಾಯ ಬರಬೇಕಾದದ್ದು ಎಲ್ಲಿಂದ? ಬೇರೆ ಬೇರೆ ಇಲಾಖೆಗಳಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದ ಸುಮಾರು 1,200 ಜನರ ಹುದ್ದೆ ತೆಗೆಯುವುದರಿಂದ. ಹೊಸ ಸಿಸ್ಟಮ್ ನೆಟ್ಟಗೆ ನಡೆಯುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಆ ಹುದ್ದೆಗಳು ಹೋದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅಂತೀವಲ್ಲ, ಹಾಗೆ.

ಓವರ್‌ಟೈಮ್, ರಜೆ, ಬಡ್ತಿ, ಹೆರಿಗೆ ರಜೆಯಿಂದ ಮರಳಿದವರ ಲೆಕ್ಕ, ಹತ್ತಾರು ಒಪ್ಪಂದಗಳ ಸಣ್ಣಪುಟ್ಟ ಷರತ್ತು. ಇದೆಲ್ಲ ಆ ಜನರ ತಲೆಯಲ್ಲಿತ್ತು. ಅವರೊಂದಿಗೆ ಅದೂ ಹೊರಟುಹೋಯಿತು. 2018ರಲ್ಲಿ ಅಲ್ಲಿನ ಆಡಿಟರ್ ಜನರಲ್ ಕೊಟ್ಟ ವರದಿ ಓದಿದರೆ ಬೇಜಾರಾಗುತ್ತದೆ. ಹಣ ಮತ್ತು ದಿನಾಂಕಕ್ಕೆ ಹೊಂದಿಸಲು ಪ್ರಾಜೆಕ್ಟ್ ಮುಖ್ಯಸ್ಥರು ಸಿಸ್ಟಮ್‌ನ ಒಟ್ಟು 984 ಕಾರ್ಯಗಳಲ್ಲಿ ನೂರಕ್ಕೂ ಹೆಚ್ಚನ್ನು ಕೈಬಿಟ್ಟಿದ್ದರು. ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡುವ ಯೋಜನೆಯಿತ್ತು, ಅದನ್ನೂ ರದ್ದು ಮಾಡಿದ್ದರು. ಕೊನೆಗೆ ಅರ್ಧಕ್ಕಿಂತ ಹೆಚ್ಚು ನೌಕರರ ಸಂಬಳದಲ್ಲಿ ಎಡವಟ್ಟಾಯಿತು. ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಬರಲೇ ಇಲ್ಲ, ಕೆಲವರಿಗೆ ಹೆಚ್ಚು ಬಂದು ಆಮೇಲೆ ವಾಪಸ್ ಕೇಳಿದರು. ಸರಿಪಡಿಸಲು ತಗುಲಿದ ಖರ್ಚು, ಉಳಿಯಬೇಕಿದ್ದ ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯಿತು.

ಇದರಿಂದ ತಿಳಿಯುವುದು ಒಂದು. ಹೊಸ ಸಿಸ್ಟಮ್ ಮಾತು ಬಂದಾಗ ಜನರಿಗೆ ಮೊದಲು ಹುಟ್ಟುವ ಭಯ "ನನ್ನ ಕೆಲಸ ಉಳಿಯುತ್ತದಾ?" ಎನ್ನುವುದು. ಆ ಪ್ರಶ್ನೆಗೆ ನೇರ ಉತ್ತರ ಕೊಡದೆ "ಎಲ್ಲರಿಗೂ ಹೊಸ ಅವಕಾಶ" ಎಂದು ಪೋಸ್ಟರ್ ಅಂಟಿಸಿದರೆ ಯಾರೂ ನಂಬುವುದಿಲ್ಲ. ನಂಬದವರು ತಮಗೆ ಗೊತ್ತಿರುವುದನ್ನು ಹೇಳಿಕೊಡುವುದೂ ಇಲ್ಲ. ತನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದವರು ಆ ಕೆಲಸದ ಒಳಗುಟ್ಟನ್ನು ಕನ್ಸಲ್ಟೆಂಟ್ ಮುಂದೆ ಯಾಕೆ ಬಿಚ್ಚಿಡುತ್ತಾರೆ? ಹುದ್ದೆ ಕಡಿಮೆಯಾಗುವುದು ಖಚಿತವಿದ್ದರೆ ಎಷ್ಟು, ಯಾವಾಗ, ಅವರಿಗೆ ಮುಂದೇನು ಎಂದು ಮೊದಲೇ ಹೇಳಬೇಕು. ಹೊಸದು ಹಲವು ತಿಂಗಳು ಸರಿಯಾಗಿ ನಡೆಯುವವರೆಗೆ ಹಳಬರನ್ನು ಉಳಿಸಿಕೊಳ್ಳಬೇಕು. ಆ ಖರ್ಚನ್ನು ಪ್ರಾಜೆಕ್ಟಿನ ಬಜೆಟ್‌ನಲ್ಲೇ ಬರೆಯಬೇಕು.

ದಿನಾಂಕದ ಎಳೆದಾಟವೂ ಇದರ ಜೊತೆಗೇ ಬರುತ್ತದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರನ್ನೆಲ್ಲ ಒಂದೇ ವಾರಾಂತ್ಯದಲ್ಲಿ ಹೊಸ ಸಿಸ್ಟಮ್‌ಗೆ ಸಾಗಿಸಿತು. 19 ಲಕ್ಷ ಗ್ರಾಹಕರವರೆಗೆ ತಮ್ಮ ಖಾತೆ ನೋಡಲಾಗದೆ ಪರದಾಡಿದರು. ಎಲ್ಲ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. ನಾಲ್ಕು ವರ್ಷದ ನಂತರ ನಿಯಂತ್ರಣ ಸಂಸ್ಥೆಗಳು ಸುಮಾರು 4.87 ಕೋಟಿ ಪೌಂಡ್ ದಂಡ ಹಾಕಿದವು. ಬ್ಯಾಂಕೇ ನೇಮಿಸಿದ ವಕೀಲರ ತನಿಖೆಯಲ್ಲಿ ಒಂದು ಮುಖ್ಯ ಅಂಶ ಹೊರಬಂತು. ಮೊದಲು ಮುಗಿಯುವ ದಿನಾಂಕ ಇಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆಲಸಗಳನ್ನು ತುರುಕಿದ್ದರು. ಹೀಗೆ ಹೊರಟಾಗ "ಪರೀಕ್ಷೆಗೆ ಇನ್ನೂ ಎರಡು ತಿಂಗಳು ಬೇಕು" ಎನ್ನುವವರು ಅಡ್ಡಗಾಲು ಹಾಕುವವರಂತೆ ಕಾಣುತ್ತಾರೆ. ಐಟಿ ಟೀಮ್ ಮತ್ತು ವ್ಯವಹಾರದ ವಿಭಾಗಗಳ ನಡುವೆ ನಡೆಯುವ ಎಷ್ಟೋ ಜಗಳಗಳ ಬೇರು ಇಲ್ಲೇ ಇದೆ.

ಬೂದಿ ಮುಚ್ಚಿದ ಕೆಂಡ

ತಿಕ್ಕಾಟ ಕೇಳಿಸುತ್ತಿದ್ದರೆ ಪರವಾಗಿಲ್ಲ. ಕೇಳಿಸದಂತೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣ ನಮ್ಮ ಕಣ್ಣೆದುರಿಗಿದೆ. 1999ರಿಂದ ಸಣ್ಣ ಅಂಚೆ ಕಚೇರಿಗಳಿಗೆ ಹೊಸ ಲೆಕ್ಕದ ಸಿಸ್ಟಮ್ ಬಂತು. ಅಂಚೆ ಕಚೇರಿ ನಡೆಸುವವರ ಸ್ಕ್ರೀನ್ ಮೇಲೆ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕೊರತೆ ಕಾಣತೊಡಗಿತು. ಒಪ್ಪಂದದ ಪ್ರಕಾರ ಅದನ್ನು ಅವರೇ ತುಂಬಿಕೊಡಬೇಕು ಎಂದು ಸಂಸ್ಥೆ ಪಟ್ಟು ಹಿಡಿಯಿತು. ಸಹಾಯವಾಣಿಗೆ ಫೋನ್ ಮಾಡಿದರೆ "ಬೇರೆ ಯಾರಿಗೂ ಈ ತೊಂದರೆ ಇಲ್ಲ" ಎಂದರಂತೆ. ಎಷ್ಟೋ ಜನ ಆಮೇಲೆ ಇದೇ ಮಾತನ್ನು ಸಾಕ್ಷ್ಯದಲ್ಲಿ ಹೇಳಿದರು. ಒಬ್ಬೊಬ್ಬರೂ ತಮಗೆ ಮಾತ್ರ ಹೀಗಾಗುತ್ತಿದೆ ಎಂದುಕೊಂಡರು. 900ಕ್ಕೂ ಹೆಚ್ಚು ಜನರ ಮೇಲೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಅಪರಾಧ ಸಾಬೀತಾಯಿತು ಎಂದು ತೀರ್ಪಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಕಳೆದುಕೊಂಡವರಿದ್ದಾರೆ. ಸಾಫ್ಟ್‌ವೇರ್‌ನಲ್ಲೇ ದೋಷಗಳಿದ್ದವು ಎಂದು 2019ರಲ್ಲಿ ಹೈಕೋರ್ಟ್ ಹೇಳಿತು. ಆ ಶಿಕ್ಷೆಗಳನ್ನು ಅಳಿಸಲು 2024ರಲ್ಲಿ ಸಂಸತ್ತು ವಿಶೇಷ ಕಾನೂನನ್ನೇ ತರಬೇಕಾಯಿತು.

ಆ ಫೋನ್ ಕರೆಗಳನ್ನೆಲ್ಲ ಒಬ್ಬರೇ ಒಬ್ಬರು ಒಟ್ಟಿಗೆ ಇಟ್ಟು ನೋಡಿದ್ದರೆ ಎಂದು ಯೋಚಿಸಿದಾಗ ಹೊಟ್ಟೆ ಸಂಕಟವಾಗುತ್ತದೆ. ಎಲ್ಲ ಸಂಸ್ಥೆಯಲ್ಲೂ ಇಷ್ಟು ಕ್ರೂರವಾಗಿ ನಡೆಯುವುದಿಲ್ಲ. ಆದರೆ ಬೇರು ಅದೇ. ದೂರು ಕೇಳುವವರೂ, ಪ್ರಾಜೆಕ್ಟ್ ಗೆದ್ದಿದೆ ಎಂದು ತೋರಿಸಬೇಕಾದವರೂ ಒಬ್ಬರೇ ಆಗಿರುತ್ತಾರೆ. ಆಗ ದೂರು ಮೇಲಕ್ಕೆ ಹೋಗುವ ದಾರಿಯಲ್ಲಿ ಸಣ್ಣದಾಗುತ್ತಾ ಹೋಗುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ "ಇದು ನಡೆಯೋದೇ ಇಲ್ಲ". ಮೇಲ್ವಿಚಾರಕರ ವರದಿಯಲ್ಲಿ "ಕೆಲವು ತೊಂದರೆಗಳಿವೆ". ಬೋರ್ಡ್ ಮುಂದೆ "ಬಹುತೇಕ ಮುಗಿದಿದೆ". ಆದ್ದರಿಂದ ದೂರು ಕೇಳುವವರು ಪ್ರಾಜೆಕ್ಟ್ ಟೀಮಿನ ಹೊರಗಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಯಾವ ಯಾವ ಕಚೇರಿಯಿಂದ ಒಂದೇ ಬಗೆಯ ದೂರು ಬರುತ್ತಿದೆ ಎಂದು ಎಲ್ಲರಿಗೂ ಕಾಣುವಂತಿರಬೇಕು. ನನ್ನಂತೆ ಇನ್ನೂ ಇನ್ನೂರು ಜನರಿಗೆ ಹೀಗಾಗಿದೆ ಎಂದು ಗೊತ್ತಾದರೆ ಮನುಷ್ಯರಿಗೆ ಧೈರ್ಯ ಬರುತ್ತದೆ.

ನಡುವಿನ ಮ್ಯಾನೇಜರ್‌ಗಳ ಕಷ್ಟವನ್ನೂ ಇಲ್ಲೇ ಹೇಳಬೇಕು. ಅವರದ್ದು ಅತ್ತ ದರಿ ಇತ್ತ ಪುಲಿ. ಈ ತಿಂಗಳ ಗುರಿಯೂ ಮುಟ್ಟಬೇಕು, ಟೀಮಿನ ಒಳ್ಳೆಯ ಇಬ್ಬರನ್ನು ಪ್ರಾಜೆಕ್ಟಿಗೂ ಕಳಿಸಬೇಕು. ಎರಡೂ ಆಗುವುದಿಲ್ಲ. ಆದ್ದರಿಂದ ಅವರು ಒಳ್ಳೆಯವರನ್ನು ಇಟ್ಟುಕೊಂಡು, ಬಿಟ್ಟರೂ ನಡೆಯುವವರನ್ನು ಕಳಿಸುತ್ತಾರೆ. ಸಿಸ್ಟಮ್ ಹೇಗಿರಬೇಕು ಎಂದು ಹೇಳಬೇಕಾದ ಜಾಗದಲ್ಲಿ ಕೆಲಸ ಬಲ್ಲವರೇ ಇರುವುದಿಲ್ಲ. ಇದಕ್ಕೆ ಆ ಮ್ಯಾನೇಜರ್‌ಗಳನ್ನು ಬೈದು ಫಲವಿಲ್ಲ. ಯಾರನ್ನು ಕಳಿಸಿದರೋ ಅವರ ಪಾಲಿನ ಗುರಿಯನ್ನು ಆರು ತಿಂಗಳ ಮಟ್ಟಿಗೆ ಇಳಿಸಬೇಕು. ಅದನ್ನು ಮಾಡಲಾಗುವುದು ಮೇಲಿನವರಿಗೆ ಮಾತ್ರ.

ಪೈಲಟ್ ವಿಷಯದಲ್ಲೂ ಒಂದು ಮಾತು. ಹೊಸದನ್ನು ಮೊದಲು ಬಳಸಿ ನೋಡುವ ತಂಡಕ್ಕೆ "ಇದು ಬೇಡ, ಇನ್ನೂ ಆಗಿಲ್ಲ" ಎಂದು ಹೇಳುವ ಅಧಿಕಾರ ಇಲ್ಲದಿದ್ದರೆ ಅದು ಪೈಲಟ್ ಅಲ್ಲ, ಬರೀ ಮೊದಲ ರೋಲ್‌ಔಟ್, ಅಂದರೆ ಜಾರಿಯ ಮೊದಲ ಕಂತು. ಹುಮ್ಮಸ್ಸಿನವರನ್ನೇ ಆರಿಸಿ ಪೈಲಟ್ ಮಾಡುವ ಅಭ್ಯಾಸವೂ ಸರಿಯಲ್ಲ. ಅತಿ ಹೆಚ್ಚು ಕೆಲಸದ ಒತ್ತಡ ಇರುವ, ಅನುಮಾನ ಜಾಸ್ತಿ ಇರುವ ತಂಡವೇ ಬೇಕು. ಅಲ್ಲಿ ನಡೆದರೆ ಎಲ್ಲ ಕಡೆ ನಡೆಯುತ್ತದೆ.

ಈಗ ಇದೇ ಪ್ರಶ್ನೆ ಕೃತಕ ಬುದ್ಧಿಮತ್ತೆಯ ರೂಪದಲ್ಲಿ ಮತ್ತೆ ಬಂದಿದೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿಂಜೋಲ್ಫ್‌ಸನ್ ಮತ್ತು ಜೊತೆಗಾರರು 2023ರಲ್ಲಿ ಒಂದು ಅಧ್ಯಯನ ಹೊರತಂದರು. ಒಂದು ಕಂಪನಿಯ ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಸಿಬ್ಬಂದಿಯ ಪೈಕಿ ಕೆಲವರಿಗೆ, ಏನು ಉತ್ತರ ಕೊಡಬೇಕೆಂದು ಸಲಹೆ ಕೊಡುವ ಎಐ ಸಾಧನ ಕೊಟ್ಟಾಗ ಏನಾಯಿತು ಎಂಬುದು ಅದರ ವಿಷಯ. ಗಂಟೆಗೆ ಬಗೆಹರಿಸುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರಲ್ಲಿ ಮತ್ತು ಅಷ್ಟಾಗಿ ಪಳಗದವರಲ್ಲಿ ಶೇ. 34ರಷ್ಟು ಹೆಚ್ಚಿತು. ಅನುಭವಿಗಳಿಗೆ ಹೆಚ್ಚೇನೂ ಲಾಭವಾಗಲಿಲ್ಲ.

ಹೊಸಬರು ಅಷ್ಟು ಬೇಗ ಕಲಿತದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಆ ಸಾಧನ ಕಲಿತದ್ದು ಯಾರಿಂದ? ಹಳೆಯ ಸಂಭಾಷಣೆಗಳಿಂದ, ಅದರಲ್ಲೂ ಚೆನ್ನಾಗಿ ಕೆಲಸ ಮಾಡುವವರ ಮಾತಿನಿಂದ. ಸಿಟ್ಟಾದ ಗ್ರಾಹಕರನ್ನು ಹೇಗೆ ಸಮಾಧಾನ ಮಾಡಬೇಕು, ಯಾವ ಪ್ರಶ್ನೆ ಮೊದಲು ಕೇಳಬೇಕು ಎಂದು ವರ್ಷಗಟ್ಟಲೆ ದುಡಿದು ಅವರು ಗಳಿಸಿದ್ದು ಈಗ ಎಲ್ಲರ ಸ್ಕ್ರೀನ್ ಮೇಲೆ ಬರುತ್ತಿದೆ. ಅವರ ಸಂಬಳ ಮಾತ್ರ, ತಾವು ಇತರರಿಗಿಂತ ಎಷ್ಟು ಮುಂದಿದ್ದೇವೆ ಎಂಬುದರ ಮೇಲೆ ನಿಂತಿದ್ದರೆ, ಸಾಧನ ಬಂದ ಮೇಲೆ ಕಡಿಮೆಯೂ ಆಗಬಹುದು. ಇಂಥ ಸಾಧನ ತರಲು ಹೊರಟಿರುವ ಎಷ್ಟು ಸಂಸ್ಥೆಗಳು ಆ ಹಳಬರನ್ನು ಕರೆದು ಕೂರಿಸಿಕೊಂಡು, "ನಿಮ್ಮ ಮಾತಿನಿಂದ ಇದನ್ನು ಕಟ್ಟುತ್ತಿದ್ದೇವೆ, ನಿಮಗೆ ಏನು ಕೊಡಬೇಕು?" ಎಂದು ಕೇಳಿವೆ?